ಸ್ಟವ್‌ವರೆಗೆ ಹನ್ನೊಂದು ಹೆಜ್ಜೆ

ರಾತ್ರಿಯಿಡೀ ಸುಮ್ಮನಿದ್ದು
ಬೆಳಿಗ್ಗೆ ಐದೂಕಾಲಿಗೆ, ಮಂಚದಿಂದ ಇಳಿದ
ಮೊದಲ ಹೆಜ್ಜೆಗೇ ಕಚ್ಚುತ್ತದೆ.
ಗೋಡೆ ಹಿಡಿದು ಸ್ಟವ್‌ವರೆಗೆ ಹನ್ನೊಂದು ಹೆಜ್ಜೆ.
ಎಣಿಸಿದ್ದೇನೆ. ಹೋದ ವರ್ಷ ಎಂಟಿತ್ತು.
ಖೋಲಿ ಅಷ್ಟೇ ಇದೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು,
ಹಿಮ್ಮಡಿಯ ಎಲುಬಿನಲ್ಲೊಂದು ಮುಳ್ಳು.
ಜಾಲಿಯದಾಗಿದ್ದರೆ ಅವ್ವ ಪಿನ್ನು ಕಾಯಿಸಿ ತೆಗೆಯುತ್ತಿದ್ದಳು;
ಇದು ಒಳಗಿನಿಂದ ಬೆಳೆದದ್ದು.
"ಅಂಗಾಲಿಗೆ ಆಸರೆಯಿರುವ ಒಳ್ಳೆ ಬೂಟು ತಗೊಳ್ಳಿ."
ಚೀಟಿಯಲ್ಲಿ ಬರೆದ ಮೊದಲ ಪದವೇ ಚರ್ಮ.

ನಮ್ಮ ಮನೆಯಲ್ಲಿ ಗಡಿಯಾರದ ಪಟ್ಟಿಯೂ ಚರ್ಮದ್ದಲ್ಲ.
ಪರೇಲಿನ ಆಸ್ಪತ್ರೆಯಲ್ಲಿ ನನ್ನ ಕೆಲಸ, ರಕ್ತ ತೆಗೆಯುವುದು.
ದಿನಕ್ಕೆ ತೊಂಬತ್ತು ತೋಳು, ನಿಂತೇ.
"ಇಷ್ಟು ಜನರ ನೆತ್ತರು ಹೀರುವವಳಿಗೆ
ಸತ್ತ ದನದ ತೊಗಲು ಬೇಡವಂತೆ!"
ಫಿಲೋಮಿನಾ ಡಬ್ಬಿ ತೆರೆಯುತ್ತ ನಗುತ್ತಾಳೆ.
ನಾನೂ ನಗುತ್ತೇನೆ.
ಶೇಡಬಾಳದ ಅಜ್ಜಿಯ ಬಾಯಿಂದ ನನ್ನ ಕಾಲಿಗೆ ಇಳಿದದ್ದು ಅದು,
ಬಿಡಿಸಿ ಹೇಳುವಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ.

ಹಿಂದಮಾತಾದಲ್ಲಿ ಕೊಂಡ ಬಟ್ಟೆಯ ಬೂಟು
ಮೂರೇ ದಿನಕ್ಕೆ ಚಪಾತಿಯಾಯಿತು.
ಬಾಂದ್ರಾದಲ್ಲಿ ಗಾಜಿನೊಳಗೆ ದೀಪ ಹಚ್ಚಿ ಕೂಡಿಸಿದ್ದ ಜೋಡಿಗೆ
ಬೆಲೆ ಓದಿ ಹೊರಗಿನಿಂದಲೇ ಕೈಮುಗಿದೆ.
ದಾದರಿನ ಹುಡುಗ ತಾಯಿ ಮೇಲೆ ಆಣೆ ಹಾಕಿದ, ಲೆದರ್ ಅಲ್ಲವೇ ಅಲ್ಲ.
ನಂಬಿದೆ. ಐದನೇ ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ
ಅಟ್ಟೆ ಬಾಯಿ ಬಿಟ್ಟಿತು.

ಸೇತುವೆಯ ಕೆಳಗೆ, ಛತ್ರಿ ರಿಪೇರಿಯವನ ಪಕ್ಕ, ಅವನು.
ಹೊಲಿಯುವ ಮೊದಲು ಬೆರಳು ತೂರಿಸಿ ಒಳಗೆಲ್ಲ ತಡವಿದ,
ಮೂಗಿಗೆ ಹಿಡಿದ.
"ಚರ್ಮ ಇಲ್ಲ ತಾನೆ?" ಮರಾಠಿಯಲ್ಲಿ ಕೇಳಿದೆ.
ಉತ್ತರ ಕೊಡದೆ ಒಳಪದರಿನ ಅಂಚಿನಿಂದ ಉಗುರಷ್ಟು ಕತ್ತರಿಸಿ
ಕಡ್ಡಿ ಗೀರಿದ.
ಸುಟ್ಟ ಕೂದಲಿನ ವಾಸನೆ.
ನನ್ನ ಬಾಯಿಂದ ಬಂದ "ಅಯ್ಯವ್ವಾ" ಮರಾಠಿಯಾಗಿರಲಿಲ್ಲ.

ತಲೆ ಎತ್ತಿದ. "ಮ್ಯಾಗ ರೆಗ್ಜಿನ್ ಐತ್ರಿ ಅಕ್ಕಾರ, ಒಳಗ ಹಂದೀದು.
ಯಾವ್ದು ತೊಗಲಲ್ಲ ಅಂತ ಹೇಳಾಕ
ತೊಗಲು ಗೊತ್ತಿದ್ದಾವನs ಬೇಕು."
ಸಿದರಾಯ. ಅಥಣಿ ಕಡೆಯವನು.
ಅಜ್ಜ ಹದ ಮಾಡುತ್ತಿದ್ದ, ಅಪ್ಪ ಹೊಲಿಯುತ್ತಿದ್ದ,
ಮಗಳು ನರ್ಸಿಂಗ್ ಓದುತ್ತಾಳಂತೆ.
"ಕಾಲು ತೋರಸ್ರಿ."

ಇರುವೆ ಸಾಲಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದಳು ಅಜ್ಜಿ.
ಮೆಟ್ಟು ತಂದವನು ಮಾತ್ರ ಅಂಗಳದಾಚೆ.
ಅವನ ಬೊಗಸೆಗೆ ಮೇಲಿನಿಂದ ಬೀಳುತ್ತಿದ್ದ ನಾಣ್ಯದ ಸದ್ದು
ಇಷ್ಟು ವರ್ಷಕ್ಕೆ ಈಗ ಕೇಳಿಸಿತು,
ಕರ್ಜತ್ ಲೋಕಲ್ ಹಾಯುತ್ತಿದ್ದಾಗ.

ಕಾಲು ಕೊಟ್ಟೆ.
ಬಾಟಲಿಯ ನೀರಿಂದ ತೋಯಿಸಿ ಹಳೆ ಪೇಪರಿನ ಮೇಲೆ ಇಡಿಸಿದ.
ನಡುವೆ ಒಣಗಿ ಉಳಿಯಬೇಕಿದ್ದ ಜಾಗ ಪೂರಾ ಒದ್ದೆ,
ಅಂಗಾಲು ಅಲ್ಲ, ತೆಪ್ಪ.
"ಕಮಾನು ಕೂತೈತ್ರಿ," ಎಂದ,
ಸೋರುವ ಮನೆಯ ಸೂರು ನೋಡುವವನ ಹಾಗೆ.

ಹಂದಿಯ ಪದರು ಕಿತ್ತು ಅತ್ತ ಇಟ್ಟ.
ಬೆಂಡು ಕೆತ್ತಿದ, ಮೇಲೊಂದು ನಮದೆಯ ತುಂಡು,
ಹಿಮ್ಮಡಿಯಡಿ ಸ್ಕೂಟರ್ ಟ್ಯೂಬಿನ ಎರಡು ಪದರು,
ಮುಳ್ಳಿರುವಲ್ಲಿ ಎಂಟಾಣೆಯಷ್ಟು ತೂತು.
"ಸರೇಸು ಹಚ್ಚಂಗಿಲ್ಲ. ಅದೂ ಎಲುಬಿಂದs."
ಅಂಟಿನ ಬಗ್ಗೆ ಯಾರು ಯೋಚಿಸಿದ್ದರು? ನಾನೂ ಇಲ್ಲ, ಅಜ್ಜಿಯೂ ಇಲ್ಲ.
ದಾರದಲ್ಲೇ ಹೊಲಿದ, ಮೇಣ ಉಜ್ಜಿ.

ನೂರಾ ಎಂಬತ್ತು.
ನೋಟು ಕೊಡುವಾಗ ನನ್ನ ಕೈ
ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಂಡೆ.
ಅವನು ಅದನ್ನು ನೋಡಲಿಲ್ಲ,
ಅಥವಾ ನೋಡಿ ರೂಢಿಯಿತ್ತು.

ಬೆಳಿಗ್ಗೆ ಇನ್ನೂ ಕಚ್ಚುತ್ತದೆ.
ಸ್ಟವ್‌ವರೆಗೆ ಹತ್ತು.